ಬರೆದಿಟ್ಟ ಆಟವೇ ಗುರು

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರದ ಸೀಮೆಯಲ್ಲಿ ಹೊರಗಿನ ಬದುಕು ಅರ್ಧಕ್ಕರ್ಧ ಒಳಗೆ ಬಂದು ಕೂರುತ್ತದೆ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಾಳೆ. ಬಿಸಿಲೆಯ ಕಡೆಯ ಕಾಡು ಮೋಡದಲ್ಲಿ ಮುಳುಗಿ ಕಾಣದಾಗುತ್ತದೆ. ಆಲೂರಿನ ದಿಣ್ಣೆಗಳಲ್ಲಿ ಗದ್ದೆಯಿಂದ ಮರಳಿದವರ ಕಂಬಳಿಕೊಪ್ಪೆಗಳು ಜಗಲಿಯ ಗೂಟದಲ್ಲಿ ತೂಗುತ್ತ ನೀರು ಸುರಿಸುತ್ತವೆ. ಕಾಫಿಯ ಹಣ್ಣು ಕೊಯ್ಯುವ ಗಡಿಬಿಡಿಗೆ ಇನ್ನೂ ನಾಲ್ಕೈದು ತಿಂಗಳು ಉಂಟು. ಒಲೆಯ ಬಳಿ ಹಲಸಿನ ಹಪ್ಪಳ ಸುಡುವ ವಾಸನೆ, ಹಂಚಿನ ಮೇಲೆ ಬಿಡದ ಸದ್ದು, ಎದುರಿಗೆ ಹರಡಿದ ಚದುರಂಗದ ಮಣೆ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಒಪ್ಪುವ ವಿನೋದ ಬೇರೊಂದಿಲ್ಲ.

ಜಗಲಿಯ ಜಾಣ

ಇಂಥ ಒಂದು ಜಗಲಿಯಲ್ಲಿ ಪಳಗಿದ ಹುಡುಗನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಹತ್ತು ವರ್ಷಕ್ಕೆ ಆಟ ಕಲಿತನು. ಹನ್ನೆರಡಕ್ಕೆ ತಂದೆಯನ್ನು ಸೋಲಿಸಿದನು. ಹದಿಮೂರಕ್ಕೆ ಸೋದರಮಾವನನ್ನೂ ಶಾಲೆಯ ಮೇಷ್ಟ್ರನ್ನೂ ಸೋಲಿಸಿ ಊರಿಗೆ ಜಾಣನೆನಿಸಿಕೊಂಡನು. ಆ ಹುರುಪಿನಲ್ಲಿ ಸುಮಾರು ೪೦ ಕಿಲೋಮೀಟರು ಬಸ್ಸಿನಲ್ಲಿ ಕುಳಿತು ಹಾಸನದ ಪಂದ್ಯಕ್ಕೆ ಹೋದನು. ಎದುರಿಗೆ ಕುಳಿತವನು ಅವನಿಗಿಂತ ಎರಡು ವರ್ಷ ಚಿಕ್ಕವನು. ಆಟ ಹದಿನಾಲ್ಕನೆಯ ನಡೆಗೆ ಮುಗಿದುಹೋಯಿತು.

“ಏನಾಯಿತೋ?” ಎಂದು ತಂದೆ ಕೇಳಿದರು.

“ಸೋತೆ ಅಪ್ಪ. ಅವನು ಯೋಚನೆಯನ್ನೇ ಮಾಡಲಿಲ್ಲ. ಮೊದಲಿನ ಎಂಟು ಹತ್ತು ನಡೆ ಪಟಪಟನೆ ಇಟ್ಟುಬಿಟ್ಟ. ನಾನು ತಲೆ ಎತ್ತುವುದರೊಳಗೆ ನನ್ನ ರಾಜನಿಗೆ ಓಡಲು ಜಾಗವಿರಲಿಲ್ಲ.”

ಇಂಥ ಹುಡುಗ ಒಂದು ಊರಿಗೆ ಸೇರಿದವನಲ್ಲ. ದೊಡ್ಡ ಪಟ್ಟಣದಿಂದ ದೂರವಿರುವ ಊರೂರಿನಲ್ಲಿಯೂ ಅವನುಂಟು. ಎದುರಾಳಿ ತನಗಿಂತ ಬುದ್ಧಿವಂತನೆಂದು ತಿಳಿದು ಅವನು ಮಣೆಯನ್ನು ಅಟ್ಟಕ್ಕೆ ಹಾಕಿಬಿಡುವ ಅಪಾಯವೂ ಉಂಟು. ಇಲ್ಲಿ ಕಳೆದುಹೋಗುವುದು ಒಂದು ಆಟವಲ್ಲ, ಒಬ್ಬ ಆಟಗಾರ. ಆದರೆ ಅವನು ಸೋತದ್ದು ಬುದ್ಧಿಯ ಕೊರತೆಯಿಂದಲ್ಲ. ಎದುರಾಳಿ ಆ ಹತ್ತು ನಡೆಗಳನ್ನು ಸ್ವಂತವಾಗಿ ಕಂಡುಹಿಡಿದವನಲ್ಲ. ಹಿಂದಿನವರು ಆಡಿ ಬರೆದಿಟ್ಟ ಆಟಗಳಿಂದ ಪಡೆದವನು. ಆ ಪಿತ್ರಾರ್ಜಿತದಲ್ಲಿ ಜಗಲಿಯ ಹುಡುಗನಿಗೂ ಪಾಲುಂಟು. ಅದನ್ನು ಕೇಳಿ ಪಡೆಯುವ ಬಗೆ ಅವನಿಗೆ ತಿಳಿದಿಲ್ಲ, ಅಷ್ಟೆ.

ಮುಂದಿನ ಮಾತಿಗೆ ಮೊದಲು ಹೆಸರುಗಳ ಗೊಂದಲವೊಂದನ್ನು ಕಳೆದುಕೊಳ್ಳಬೇಕು. ಒಂದೊಂದು ಮನೆಯಲ್ಲಿ ಕಾಯಿಗಳಿಗೆ ಒಂದೊಂದು ಹೆಸರು. ಇಲ್ಲಿ ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದು ಆನೆ. ಅದರ ಪಕ್ಕದಲ್ಲಿ ಕುದುರೆ. ಓರೆಯಾಗಿ ನಡೆಯುವುದು ಒಂಟೆ. ರಾಜನ ಪಕ್ಕದಲ್ಲಿ ಮಂತ್ರಿ, ಇವನನ್ನು ರಾಣಿಯೆನ್ನುವವರೂ ಉಂಟು. ಮುಂದಿನ ಸಾಲಿನಲ್ಲಿ ಎಂಟು ಕಾಲಾಳುಗಳು.

ನಿಧಾನದ ಆಟ, ಅವಸರದ ಆಟ

ಚದುರಂಗ ಕನ್ನಡ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳನ್ನು ಹೇಳುವಾಗ ಚದುರಂಗಕ್ಕೂ ಎಡೆ ಕೊಟ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಆಟದಲ್ಲಿ ಎಷ್ಟು ಮುಳುಗಿದ್ದರೆಂದರೆ, ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿ, ಆ ಹೆಜ್ಜೆಗಳ ಅಂಕಿಗಳನ್ನು ಸಾಲುಸಾಲಾಗಿ ಕೂಡಿದರೆ ಒಂದೇ ಮೊತ್ತ ಬರುವಂತೆ ಹೊಂದಿಸಿದರು.

ಹೀಗಿದ್ದರೂ ಮನೆಯ ಆಟಗಾರ ಪಂದ್ಯದ ಮೊದಲ ನಡೆಗಳಲ್ಲಿಯೇ ಮುಗ್ಗರಿಸುವುದೇಕೆ? ಅದಕ್ಕೆ ಹಳೆಯ ಕಾರಣವೊಂದಿದೆ. ನಮ್ಮ ದೇಶದ ಹಳೆಯ ಪದ್ಧತಿಗಳಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಸ್ಥಳ ಬದಲಿಸುವ ‘ಕೋಟೆ ಕಟ್ಟುವ’ ಕ್ರಮವಿರಲಿಲ್ಲ. ಬದಲಿಗೆ ರಾಜನು ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಕೆಲವೆಡೆ ಇಬ್ಬರೂ ಮೊದಲಿಗೆ ನಾಲ್ಕಾರು ನಡೆಗಳನ್ನು ಒಟ್ಟಿಗೆ ನಡೆಸಿ, ಸೈನ್ಯವನ್ನು ಮನಬಂದಂತೆ ನಿಲ್ಲಿಸಿಕೊಂಡು, ಆಮೇಲೆ ಯುದ್ಧಕ್ಕೆ ಇಳಿಯುತ್ತಿದ್ದರು. ಎರಡು ದಂಡುಗಳು ಎದುರುಬದುರಾಗುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಆರಂಭದಲ್ಲಿ ಒಂದು ನಡೆ ವ್ಯರ್ಥವಾದರೆ ಅದನ್ನು ತುಂಬಿಕೊಳ್ಳಲು ಬಿಡುವಿತ್ತು.

ಇಂದಿನ ಅಂತರರಾಷ್ಟ್ರೀಯ ನಿಯಮದಲ್ಲಿ ಆ ಬಿಡುವಿಲ್ಲ. ಕಾಲಾಳು ಮೊದಲ ಜಿಗಿತಕ್ಕೇ ಎರಡು ಮನೆ ದಾಟುತ್ತದೆ. ಒಂಟೆ, ಮಂತ್ರಿಗಳು ಓರೆಯಲ್ಲಿ ಮಣೆಯ ಈ ಕಡೆಯಿಂದ ಆ ಕಡೆಗೆ ಒಂದೇ ಸಲಕ್ಕೆ ಬಂದು ಬೀಳುತ್ತವೆ. ನಾಲ್ಕನೆಯ ನಡೆಗೆ ಕೈಕೈ ಕಲೆಯುತ್ತದೆ. ನಿಯಮ ಹೊಸದಾದರೂ ಅಭ್ಯಾಸ ಹಳೆಯದೇ ಉಳಿದರೆ, ಅಂಚಿನ ಕಾಲಾಳುಗಳನ್ನು ಒಂದೊಂದಾಗಿ ಮುಂದಿಟ್ಟು ‘ಆಮೇಲೆ ನೋಡೋಣ’ ಎನ್ನುವ ಜಗಲಿಯ ರೀತಿ ಹಾಸನದಲ್ಲಿ ಹದಿನಾಲ್ಕನೆಯ ನಡೆಗೆ ಬೆಲೆ ತೆರುತ್ತದೆ.

ಕಲಕತ್ತೆಯ ಒಂದು ದಾಖಲೆ

ಹಳೆಯ ಪದ್ಧತಿಯಲ್ಲಿ ಸತ್ತ್ವವೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ೧೯ನೆಯ ಶತಮಾನದ ನಡುವಣ ಭಾಗದಲ್ಲಿ ಕಲಕತ್ತೆಯಲ್ಲಿ ವಕೀಲನಾಗಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಪ್ರಸಿದ್ಧ ಆಟಗಾರನು ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿಯೊಡನೆ ನೂರಾರು ಆಟಗಳನ್ನು ಆಡಿದನು. ಬ್ಯಾನರ್ಜಿ ದೇಶೀಯ ಆಟದಲ್ಲಿ ನುರಿತವನು. ಕಾಲಾಳನ್ನು ಒಂದೊಂದೇ ಮನೆ ನಡೆಸಿ, ಒಂಟೆಯನ್ನು ಮೂಲೆಯ ಬಳಿ ಕೂರಿಸಿ, ಅಲ್ಲಿಂದ ಇಡೀ ಓರೆಸಾಲನ್ನು ಕಾಯುವುದು ಅವನ ಕ್ರಮ. ಎದುರಾಳಿ ಕಾಲಾಳುಗಳನ್ನು ಮಣೆಯ ನಡುವಿಗೆ ತುಂಬಿದರೆ ತುಂಬಲಿ. ಆಮೇಲೆ ಅವುಗಳನ್ನೇ ಗುರಿಮಾಡಿ ಒಡೆಯುವುದು.

ಸಕಲೇಶಪುರದವರಿಗೆ ಇದನ್ನು ವಿವರಿಸುವುದು ಸುಲಭ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಪೂರೈಸಿದ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಇರುವುದು ದಾರಿಯ ಮೇಲಲ್ಲ. ಪಕ್ಕದ ಗುಡ್ಡದ ನೆತ್ತಿಯ ಮೇಲೆ. ಆದರೆ ಘಟ್ಟದ ದಾರಿಯೆಲ್ಲ ಅದರ ಕಣ್ಣಿನ ಕೆಳಗೆ ಹಾದುಹೋಗುತ್ತದೆ. ಬ್ಯಾನರ್ಜಿಯ ಒಂಟೆಯೂ ಹಾಗೆಯೇ: ಇರುವುದು ಮೂಲೆಯಲ್ಲಿ, ಆಳುವುದು ನಡುಮಣೆಯನ್ನು.

೧೮೫೫ರಲ್ಲಿ ಕಾಕ್ರೇನನ ವಿರುದ್ಧ ಬ್ಯಾನರ್ಜಿ ಆಡಿ ಗೆದ್ದ ಆಟವೊಂದು ಇಂದಿಗೂ ಉಳಿದಿದೆ. ಅದರ ಆರಂಭದ ನಡೆಗಳನ್ನು ಆಸ್ಟ್ರಿಯದ ಅರ್ನ್‌ಸ್ಟ್ ಗ್ರೂನ್‌ಫೆಲ್ಡ್ ೧೯೨೨ರಲ್ಲಿ ದೊಡ್ಡ ಪಂದ್ಯಗಳಿಗೆ ತಂದನು; ಆ ಆರಂಭಕ್ಕೆ ಅವನ ಹೆಸರೇ ನಿಂತಿತು. ಆದರೆ ಈ ಬಗೆಯ ಆರಂಭಗಳ ಇಡೀ ಕುಲಕ್ಕೆ ಲೋಕದ ಆಟಗಾರರು ಇಂದೂ ‘ಇಂಡಿಯನ್’ ರಕ್ಷಣೆಗಳೆಂದೇ ಹೆಸರಿಟ್ಟು ಕರೆಯುತ್ತಾರೆ. ಬಂಗಾಳದ ಹಳ್ಳಿಯ ಆಟ ಲೋಕದ ವಿದ್ಯೆಯಾದುದು ಹೇಗೆ? ಅದನ್ನು ಯಾರೋ ಕಾಗದದ ಮೇಲೆ ಬರೆದುಕೊಂಡುದರಿಂದ. ಬ್ಯಾನರ್ಜಿಯಂಥವರು ಇನ್ನೆಷ್ಟೋ ಜಗಲಿಗಳಲ್ಲಿ ಇದ್ದಿರಬೇಕು. ಬರೆದಿಡದ ಅವರ ಆಟಗಳು ಮಣೆ ಮಡಚಿದೊಡನೆ ಮುಗಿದುಹೋದುವು.

ಪುಸ್ತಕವಿಲ್ಲದ ಪ್ರತಿಭೆ

ಬರೆದ ಆಟಗಳ ನೆರವಿಲ್ಲದೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮೀರ್ ಸುಲ್ತಾನ್ ಖಾನನ ಕಥೆ ಸಾಕ್ಷಿ. ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿದ್ದ ಈತನು ೧೯೨೯ರಲ್ಲಿ ಇಂಗ್ಲೆಂಡಿಗೆ ಹೋದನು. ಚಿಕ್ಕಂದಿನಲ್ಲಿ ಕಲಿತದ್ದು ದೇಶೀಯ ಆಟ. ಐರೋಪ್ಯ ನಿಯಮಗಳಿಗೆ ಹೊಂದಿಕೊಂಡು ಕೆಲವೇ ವರ್ಷಗಳಾಗಿದ್ದುವು. ಆರಂಭದ ನಡೆಗಳನ್ನು ವಿವರಿಸುವ ಗ್ರಂಥಗಳ ಪರಿಚಯ ಅತ್ಯಲ್ಪ. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು. ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಆದನು. ೧೯೩೦–೩೧ರ ಹೇಸ್ಟಿಂಗ್ಸ್ ಪಂದ್ಯದಲ್ಲಿ, ಮೊದಲು ಜಗತ್ತಿನ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕನನ್ನೇ ಸೋಲಿಸಿದನು.

ಆದರೆ ಅವನ ಆಟಗಳನ್ನು ಮಣೆಯ ಮೇಲೆ ಹಾಕಿ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಆರಂಭದಲ್ಲಿ ಅವನು ಮತ್ತೆ ಮತ್ತೆ ಇಕ್ಕಟ್ಟಿಗೆ ಸಿಕ್ಕುತ್ತಿದ್ದನು. ಆಮೇಲೆ ಗಂಟೆಗಟ್ಟಲೆ ಬೆವರಿಳಿಸಿ ಆ ಇಕ್ಕಟ್ಟಿನಿಂದ ಹೊರಬರುತ್ತಿದ್ದನು. ಇತರರಿಗೆ ಪುಸ್ತಕ ಉಚಿತವಾಗಿ ಕೊಟ್ಟದ್ದನ್ನು ಆತ ಪ್ರತಿಯೊಂದು ಆಟದಲ್ಲಿಯೂ ತನ್ನ ಶಕ್ತಿಯನ್ನು ತೆತ್ತು ಕೊಳ್ಳಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ತನ್ನ ಆಶ್ರಯದಾತರೊಡನೆ ಸ್ವದೇಶಕ್ಕೆ ಮರಳಿದವನು ಮತ್ತೆ ದೊಡ್ಡ ಪಂದ್ಯಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ೧೯೬೬ರಲ್ಲಿ ತೀರಿಕೊಂಡ ಆತನಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವು ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟದ್ದು ೨೦೨೪ರಲ್ಲಿ.

ಸುಲ್ತಾನ್ ಖಾನನಂಥ ಪ್ರತಿಭೆ ಶತಮಾನಕ್ಕೊಂದು. ಉಳಿದವರು ಪುಸ್ತಕವನ್ನು ಬಿಟ್ಟು ನಡೆಯುವ ಧೈರ್ಯ ಮಾಡಬಾರದು.

ಹದಿನೇಳು ನಡೆಗಳ ಪಾಠ

ಬರೆದಿಟ್ಟ ಆಟವೊಂದು ಗುರುವಾಗುವ ಬಗೆ ಹೇಗೆ? ಅತ್ಯಂತ ಸರಳವಾದ ಆಟವೊಂದನ್ನೇ ಎತ್ತಿಕೊಳ್ಳಬಹುದು. ೧೮೫೮ರಲ್ಲಿ, ೨೧ ವರ್ಷದ ಅಮೆರಿಕನ್ ತರುಣ ಪಾಲ್ ಮಾರ್ಫಿ ಪ್ಯಾರಿಸ್ಸಿನ ಸಂಗೀತನಾಟಕ ಶಾಲೆಯಲ್ಲಿ ಬ್ರನ್ಸ್‌ವಿಕ್ಕಿನ ಡ್ಯೂಕನ ಅತಿಥಿಯಾಗಿ ಕುಳಿತಿದ್ದನು. ರಂಗದ ಮೇಲೆ ಹಾಡು ನಡೆಯುತ್ತಿರಲು, ಡ್ಯೂಕನೂ ಒಬ್ಬ ಕೌಂಟನೂ ಸೇರಿ ಆಲೋಚಿಸಿ ಅವನ ಎದುರು ಆಡಿದರು. ಮಾರ್ಫಿಯದು ಬಿಳಿಯ ಕಾಯಿ. ಹದಿನೇಳನೆಯ ನಡೆಗೆ ಆಟ ಮುಗಿಯಿತು. ವಾಚಕರು ಮಣೆಯನ್ನು ಎದುರಿಗಿಟ್ಟುಕೊಂಡರೆ ಮುಂದಿನದು ಸ್ಪಷ್ಟವಾಗುತ್ತದೆ.

ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಮಾರ್ಫಿ ರಾಜನ ಪಕ್ಕದ ಕುದುರೆಯನ್ನು ತಂದು ಎದುರಿನ ಕಾಲಾಳಿನ ಮೇಲೆ ಕಣ್ಣಿಟ್ಟನು. ಕಪ್ಪಿನವರು ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ ಅದಕ್ಕೆ ಬೆಂಬಲ ಕೊಟ್ಟರು. ಮಾರ್ಫಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ದೂಡಿದನು. ಕಪ್ಪಿನ ಒಂಟೆ ಹೊರಬಿದ್ದು ಬಿಳಿಯ ಕುದುರೆಯನ್ನು ಮಂತ್ರಿಗೆ ಕಟ್ಟಿಹಾಕಿತು. ಮಾರ್ಫಿ ನಡುವಿನ ಕಾಲಾಳನ್ನು ಹೊಡೆದನು. ಕಪ್ಪಿನವರು ಕೂಡಲೆ ಅದನ್ನು ಮರಳಿ ಹೊಡೆಯುವಂತಿಲ್ಲ. ಹೊಡೆದರೆ ಮಂತ್ರಿಗೆ ಮಂತ್ರಿ ಹೋಗಿ ಒಂದು ಕಾಲಾಳು ನಷ್ಟವಾಗುತ್ತದೆ. ಆದುದರಿಂದ ಒಂಟೆಯನ್ನು ಕೊಟ್ಟು ಕುದುರೆಯನ್ನು ತೆಗೆದರು. ಮಾರ್ಫಿ ಆ ಒಂಟೆಯನ್ನು ಮಂತ್ರಿಯಿಂದ ಹೊಡೆದನು. ಕಪ್ಪಿನವರು ಆಗ ಕಾಲಾಳನ್ನು ಮರಳಿ ಪಡೆದರು.

ಲೆಕ್ಕಕ್ಕೆ ಕಾಯಿಗೆ ಕಾಯಿ ಸರಿಯಾಯಿತು. ಜಗಲಿಯ ಆಟಗಾರನ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಕಲಿಯುವವನು ಇನ್ನೊಂದು ಲೆಕ್ಕವನ್ನು ಹಾಕಬೇಕು. ಕಪ್ಪಿನವರು ಎರಡು ನಡೆ ವೆಚ್ಚಮಾಡಿ ನಡೆಸಿದ ಒಂಟೆ ಈಗ ಮಣೆಯ ಮೇಲೆಯೇ ಇಲ್ಲ. ಬಿಳಿಯ ಮಂತ್ರಿಯಾದರೋ ಹೊಡೆಯುವ ನೆಪದಲ್ಲಿ ಹೊರಗೆ ಬಂದು ನಿಂತಿದ್ದಾನೆ. ನಷ್ಟವಾದದ್ದು ಕಾಯಿಯಲ್ಲ, ಕಾಲ.

ಮುಂದೆ ಬಿಳಿಯ ಒಂಟೆ ಹೊರಬಂದು, ಮಂತ್ರಿಯೊಡನೆ ಕೂಡಿ ಕಪ್ಪು ರಾಜನ ಪಕ್ಕದ ದುರ್ಬಲವಾದ ಕಾಲಾಳನ್ನು ಗುರಿಯಿಟ್ಟಿತು. ಕಪ್ಪಿನವರು ಕುದುರೆಯನ್ನು ಅಡ್ಡ ತಂದರು. ಮಾರ್ಫಿ ಮಂತ್ರಿಯನ್ನು ಪಕ್ಕಕ್ಕೆ ಸರಿಸಿ ಎರಡು ಕಾಲಾಳುಗಳನ್ನು ಒಟ್ಟಿಗೆ ಬೆದರಿಸಿದನು. ಕಪ್ಪಿನವರು ರಾಜನ ಎದುರಿಗೇ ಮಂತ್ರಿಯನ್ನು ತಂದಿಟ್ಟರು; ಅದರಿಂದ ಅವರ ಉಳಿದ ಒಂಟೆಗೆ ಬಾಗಿಲು ಮುಚ್ಚಿತು. ಈಗ ಒಂದು ಕಾಲಾಳು ಮಾರ್ಫಿಯ ಕೈಗೆ ಸುಲಭವಾಗಿ ಸಿಕ್ಕುತ್ತದೆ. ಇಲ್ಲಿ ಪುಸ್ತಕವನ್ನು ಮುಚ್ಚಿ, ‘ನಾನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿಕೊಳ್ಳಬೇಕು. ಹತ್ತರಲ್ಲಿ ಒಂಬತ್ತು ಮಂದಿ ಕಾಲಾಳನ್ನು ಹೊಡೆಯುತ್ತಾರೆ. ಮಾರ್ಫಿ ಹೊಡೆಯಲಿಲ್ಲ, ಮಂತ್ರಿಯ ಪಕ್ಕದ ಕುದುರೆಯನ್ನು ಹೊರತಂದನು. ಹೊಡೆದಿದ್ದರೆ ಕಪ್ಪು ಮಂತ್ರಿ ಚೆಕ್ ಕೊಟ್ಟು ಮಂತ್ರಿಗಳನ್ನು ಬದಲಾಯಿಸಿಕೊಂಡು ಉಸಿರಾಡುತ್ತಿತ್ತು. ಒಂದು ಕಾಲಾಳಿಗಿಂತ ಎದುರಾಳಿಯ ಉಸಿರುಗಟ್ಟಿದ ಸ್ಥಿತಿಯೇ ಹೆಚ್ಚು ಬೆಲೆಯುಳ್ಳದ್ದೆಂದು ಆತ ಬಗೆದನು.

ಮೊದಲ ಹತ್ತು ನಡೆಗಳನ್ನು ಎಣಿಸಿ ನೋಡಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ. ಮಾರ್ಫಿ ಕಾಲಾಳುಗಳಿಗೆ ಮೂರೇ ನಡೆ ಕೊಟ್ಟನು. ಉಳಿದ ಏಳು ನಡೆಗಳು ದೊಡ್ಡ ಕಾಯಿಗಳಿಗೆ. ಕಪ್ಪಿನವರು ಕಾಲಾಳುಗಳಿಗೆ ಆರು ನಡೆ ಕೊಟ್ಟರು; ಉಳಿದ ನಾಲ್ಕರಲ್ಲಿ ಎರಡನ್ನು ಸತ್ತುಹೋದ ಒಂಟೆಗೆ ಕೊಟ್ಟಿದ್ದರು. ಹನ್ನೆರಡನೆಯ ನಡೆಯಲ್ಲಿ ಮಾರ್ಫಿ ಕೋಟೆ ಕಟ್ಟಿದನು. ಅದೊಂದೇ ನಡೆಯಿಂದ ರಾಜನಿಗೆ ರಕ್ಷಣೆ, ಆನೆಗೆ ತೆರೆದ ದಾರಿ. ಹದಿನಾರನೆಯದರಲ್ಲಿ ಮಂತ್ರಿಯನ್ನೇ ಬಲಿಕೊಟ್ಟು, ಹದಿನೇಳನೆಯದರಲ್ಲಿ ಆನೆಯಿಂದ ಚೆಕ್‌ಮೇಟ್ ಮಾಡಿದನು. ಕಪ್ಪಿನವರ ಒಂದು ಒಂಟೆಯೂ ಒಂದು ಆನೆಯೂ ಆಟ ಮುಗಿಯುವವರೆಗೆ ಹುಟ್ಟಿದ ಮನೆಯನ್ನು ಬಿಟ್ಟು ಕದಲಲಿಲ್ಲ.

ಹಾಸನದಲ್ಲಿ ಸೋತ ಹುಡುಗ ಈ ಆಟವನ್ನು ಮಣೆಯ ಮೇಲೆ ಹಾಕಿ ನೋಡಿದರೆ, ಕಪ್ಪಿನವರ ಜಾಗದಲ್ಲಿ ತಾನೇ ಕುಳಿತಂತೆ ಅವನಿಗೆ ಅನ್ನಿಸದಿರದು. ಪಾಠ ನಾಟುವುದು ಅಲ್ಲಿ.

ಒಂದು ದಾರಿ, ಹಲವು ಪಯಣಿಗರು

ಸಾಮಾನ್ಯ ನೀತಿ ತಿಳಿದ ಮೇಲೆ ಒಂದು ನಿರ್ದಿಷ್ಟವಾದ ಆರಂಭವನ್ನು ಆರಿಸಿಕೊಂಡು ಅದರ ಆಟಗಳನ್ನು ಬೆನ್ನಟ್ಟಬೇಕು. ಉದಾಹರಣೆಗೆ ಮಂತ್ರಿಯ ಮುಂದಿನ ಕಾಲಾಳಿನಿಂದ ತೊಡಗಿ, ಅದರ ಪಕ್ಕದ ಕಾಲಾಳನ್ನು ಎದುರಾಳಿಗೆ ನೀಡುವ ‘ಕ್ವೀನ್ಸ್ ಗ್ಯಾಂಬಿಟ್’. ೧೯೨೭ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಕಾಪಾಬ್ಲಾಂಕನಿಗೂ ಅಲೆಖಿನನಿಗೂ ಜಗತ್ತಿನ ಪಟ್ಟಕ್ಕಾಗಿ ೩೪ ಆಟಗಳು ನಡೆದುವು. ಅವುಗಳಲ್ಲಿ ೩೨ ಆಟಗಳು ಇದೇ ಗ್ಯಾಂಬಿಟ್ಟನ್ನು ಕಪ್ಪಿನವನು ನಿರಾಕರಿಸುವ ಆರಂಭದವು! ೨೫ ಆಟಗಳು ಸಮವಾದುವು; ಉಳಿದವುಗಳಲ್ಲಿ ಆರನ್ನು ಗೆದ್ದು ಅಲೆಖಿನ್ ಚಾಂಪಿಯನ್ ಆದನು. ಲೋಕದ ಇಬ್ಬರು ಶ್ರೇಷ್ಠರು ಒಂದೇ ದಾರಿಯಲ್ಲಿ ಮೂವತ್ತೆರಡು ಸಲ ಹೋಗಿ ಬಂದರೆಂದರೆ, ಆ ದಾರಿಯ ಕಲ್ಲು ಮುಳ್ಳುಗಳೆಲ್ಲ ಆ ದಾಖಲೆಯಲ್ಲಿ ಸಿಕ್ಕುತ್ತವೆ.

ಈ ಆರಂಭದ ಒಂದು ಕವಲಿನಲ್ಲಿ ಕಾಲಾಳುಗಳ ವಿನಿಮಯ ಬೇಗನೆ ಆಗುತ್ತದೆ. ಬಳಿಕ ಬಿಳಿಯವನು ಮಂತ್ರಿಯ ಪಾರ್ಶ್ವದಲ್ಲಿ ತನ್ನ ಎರಡು ಕಾಲಾಳುಗಳನ್ನು ಎದುರಾಳಿಯ ಮೂರರ ಮೇಲೆ ದೂಡುವುದುಂಟು. ಎರಡು ಮೂರರ ಮೇಲೆ ಏರಿ ಹೋಗುವುದು ಮೂರ್ಖತನವೆಂದು ನಡೆಗಳನ್ನಷ್ಟೇ ಓದಿದವನಿಗೆ ತೋರುತ್ತದೆ. ಆಟವನ್ನು ಕೊನೆಯವರೆಗೆ ನೋಡಿದವನಿಗೆ ಮಾತ್ರ ಗುಟ್ಟು ಗೊತ್ತಾಗುತ್ತದೆ. ವಿನಿಮಯಗಳು ಮುಗಿದಾಗ ಕಪ್ಪಿನ ಕಡೆ ಬೆಂಬಲವಿಲ್ಲದ ಒಂಟಿ ಕಾಲಾಳೊಂದು ಉಳಿದು, ಮೂವತ್ತನೆಯ ನಡೆಯ ಹೊತ್ತಿಗೆ ಅದೇ ಸೋಲಿಗೆ ಕಾರಣವಾಗುವುದುಂಟು. ಆರಂಭದ ನಡೆಯ ಅರ್ಥ ಆಟದ ನಡುವಿನಲ್ಲಿ, ಕೆಲವೊಮ್ಮೆ ಕೊನೆಯಲ್ಲಿ ತೆರೆದುಕೊಳ್ಳುತ್ತದೆ. ಆದುದರಿಂದ ಆರಂಭವನ್ನು ಕಲಿಯಬೇಕೆನ್ನುವವನು ಹತ್ತನೆಯ ನಡೆಗೆ ಪುಸ್ತಕ ಮುಚ್ಚಬಾರದು.

ಆ ದಾರಿ ಇಂದಿಗೂ ಸವೆದಿಲ್ಲ. ೨೦೨೪ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಮದರಾಸಿನ ಡಿ. ಗುಕೇಶ್ ಅವರು ಚೀನದ ಡಿಂಗ್ ಲಿರೆನ್ ಅವರ ಎದುರು ಜಗತ್ತಿನ ಪಟ್ಟಕ್ಕೆ ಆಡಿದಾಗ, ಮೊದಲ ಆಟವನ್ನು ಸೋತು, ಎರಡನೆಯದನ್ನು ಸಮಮಾಡಿಕೊಂಡು, ಮೂರನೆಯದಕ್ಕೆ ಇದೇ ಗ್ಯಾಂಬಿಟ್ಟಿನ ವಿನಿಮಯದ ಕವಲನ್ನೇ ಹಿಡಿದರು. ಡಿಂಗ್ ಅವರ ಒಂಟೆಯೊಂದು ಬಿಳಿಯ ಪಾಳೆಯದೊಳಕ್ಕೆ ನುಗ್ಗಿ, ಹಿಂದಿರುಗುವ ದಾರಿ ಮುಚ್ಚಿ ಸಿಕ್ಕಿಬಿದ್ದಿತು. ಮೂವತ್ತೇಳನೆಯ ನಡೆಯ ಹೊತ್ತಿಗೆ ಡಿಂಗ್ ಅವರ ಸಮಯವೂ ಮುಗಿದು ಗುಕೇಶರಿಗೆ ಮೊದಲ ಜಯ ದೊರಕಿತು. ಡಿಸೆಂಬರಿನಲ್ಲಿ ಹದಿನಾಲ್ಕನೆಯ ಆಟ ಮುಗಿದಾಗ ಅವರು ತಮ್ಮ ೧೮ನೆಯ ವಯಸ್ಸಿನಲ್ಲಿ ಜಗತ್ತಿನ ಚಾಂಪಿಯನ್ ಆದರು. ೧೯೨೭ರ ಕಾಗದಗಳಿಂದ ೨೦೨೪ರ ಮಣೆಯವರೆಗೆ ದಾರಿ ಒಂದೇ. ಪ್ರತಿಯೊಬ್ಬ ಪಯಣಿಗನೂ ಅದಕ್ಕೆ ಒಂದೊಂದು ತಿರುವನ್ನು ಸೇರಿಸಿದ್ದಾನೆ.

ಅಭ್ಯಾಸದ ಕ್ರಮ

ಇದನ್ನು ಮನೆಯಲ್ಲಿ ಕುಳಿತು ಮಾಡುವ ಬಗೆ ಕಠಿಣವಲ್ಲ, ತಾಳ್ಮೆ ಬೇಕು.

ಮೊದಲಿಗೆ ನಡೆಗಳನ್ನು ಬರೆಯುವ ಲಿಪಿ ತಿಳಿಯಬೇಕು. ಉದ್ದ ಸಾಲುಗಳಿಗೆ ‘ಎ’ಯಿಂದ ‘ಎಚ್’ವರೆಗೆ ಎಂಟು ಇಂಗ್ಲಿಷ್ ಅಕ್ಷರಗಳು; ಅಡ್ಡ ಸಾಲುಗಳಿಗೆ ಒಂದರಿಂದ ಎಂಟರವರೆಗೆ ಅಂಕಿಗಳು. ಯಾವ ಮನೆಯನ್ನಾದರೂ ಒಂದು ಅಕ್ಷರ, ಒಂದು ಅಂಕಿಯಿಂದ ಹೇಳಬಹುದು. ಅರ್ಧ ಗಂಟೆಯಲ್ಲಿ ಕಲಿಯಬಹುದಾದ ಈ ಲಿಪಿಯನ್ನು ಬಲ್ಲವನಿಗೆ ಎರಡು ಶತಮಾನಗಳ ಆಟಗಳ ಭಂಡಾರ ತೆರೆಯುತ್ತದೆ.

ಎರಡನೆಯದು, ಆಯ್ಕೆ. ಬಿಳಿಯ ಕಾಯಿಗೆ ಒಂದು ಆರಂಭ. ಕಪ್ಪಿನಲ್ಲಿ ಎದುರಾಳಿ ರಾಜನ ಕಾಲಾಳಿನಿಂದ ತೊಡಗಿದರೆ ಒಂದು, ಮಂತ್ರಿಯ ಕಾಲಾಳಿನಿಂದ ತೊಡಗಿದರೆ ಒಂದು. ಒಂದು ಮಳೆಗಾಲಕ್ಕೆ ಮೂರು ಧಾರಾಳವಾಯಿತು. ಒಂದೊಂದಕ್ಕೂ ಹಳೆಯ ಮಹನೀಯರ ಹತ್ತಿಪ್ಪತ್ತು ಆಟಗಳನ್ನು ಆರಿಸಿಕೊಳ್ಳಬೇಕು. ಗೆದ್ದ ಆಟಗಳಷ್ಟೇ ಸಾಲವು. ಅದೇ ಆರಂಭದಲ್ಲಿ ಸೋತವರ ಆಟಗಳೂ ಬೇಕು. ದಾರಿಯನ್ನು ಬಲ್ಲವನೆಂದರೆ ಹಳ್ಳ ಎಲ್ಲಿದೆಯೆಂಬುದನ್ನೂ ಬಲ್ಲವನು. ನಿನ್ನೆ ಮೊನ್ನೆ ಚಾಂಪಿಯನ್ನರು ಆಡಿದ ಆಟಗಳಿಗಿಂತ ಹಳಬರ ಆಟಗಳಿಂದ ತೊಡಗುವುದು ಲೇಸು. ಹಳಬರ ಎದುರಾಳಿಗಳು ತಪ್ಪು ಮಾಡುತ್ತಿದ್ದರು. ಆ ತಪ್ಪಿಗೆ ಶಿಕ್ಷೆ ಹೇಗಾಗುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಇಂದಿನ ಮಹನೀಯರು ಅಂಥ ತಪ್ಪನ್ನು ಮೊದಲೇ ತಪ್ಪಿಸಿಕೊಳ್ಳುವುದರಿಂದ ನಡೆಯ ಕಾರಣ ಮರೆಯಾಗಿಯೇ ಉಳಿಯುತ್ತದೆ.

ಮೂರನೆಯದು, ಓದುವ ಬಗೆ. ಆಟವನ್ನು ಒಂದು ಸಲ ಬೇಗ ಬೇಗ ನಡೆಸಿ ಕಥೆಯೇನೆಂದು ತಿಳಿಯಬೇಕು. ಎರಡನೆಯ ಸಲ ನಡೆಗಳ ಮೇಲೆ ಕಾಗದವೊಂದನ್ನು ಮುಚ್ಚಿ, ಒಂದೊಂದು ಸಾಲನ್ನಾಗಿ ಸರಿಸುತ್ತ, ಗೆದ್ದವನ ಮುಂದಿನ ನಡೆಯನ್ನು ಊಹಿಸಬೇಕು. ಊಹೆ ತಪ್ಪಿದರೆ ಸಂತೋಷಪಡಬೇಕು, ಕಲಿಯುವ ಸ್ಥಳ ಸಿಕ್ಕಿತೆಂದು. ‘ಈ ನಡೆ ಏಕೆ?’ ಎಂಬುದಕ್ಕೆ ನೋಟುಬುಕ್ಕಿನಲ್ಲಿ ತನ್ನ ಮಾತಿನಲ್ಲಿಯೇ ಒಂದು ವಾಕ್ಯ ಬರೆಯಬೇಕು. ಬರೆಯಲು ಬಾರದಿದ್ದರೆ ತಿಳಿದಿಲ್ಲವೆಂದೇ ಅರ್ಥ.

ನಾಲ್ಕನೆಯದು, ಎಲ್ಲರೂ ಮರೆಯುವಂಥದು: ತನ್ನ ಆಟಗಳನ್ನೂ ಬರೆದಿಡಬೇಕು. ಪಂದ್ಯಗಳಲ್ಲಿ ನಿಧಾನದ ಆಟಕ್ಕೆ ಇದು ನಿಯಮವೇ ಹೌದು. ಜಗಲಿಯ ಆಟಕ್ಕೂ ಅದನ್ನು ರೂಢಿಮಾಡಿಕೊಳ್ಳುವುದು ಒಳ್ಳೆಯದು. ಆಟ ಮುಗಿದ ಮೇಲೆ ಅದನ್ನು ಮಹನೀಯರ ಆಟದ ಪಕ್ಕದಲ್ಲಿಟ್ಟು, ದಾರಿ ಎಲ್ಲಿ ಮೊದಲು ಬೇರೆಯಾಯಿತು, ಬೇರೆ ಮಾಡಿದವರು ಯಾರು, ಅದರ ಫಲವೇನು ಎಂದು ನೋಡಬೇಕು. ಒಂದು ಆಟಕ್ಕೆ ಒಂದೇ ಒಂದು ತಿದ್ದುಪಡಿ ಸಾಕು. ಇಪ್ಪತ್ತು ಆಟಗಳಿಗೆ ಇಪ್ಪತ್ತು ತಿದ್ದುಪಡಿಗಳಾದರೆ ಆಟಗಾರನ ರೂಪವೇ ಬದಲಾಗುತ್ತದೆ.

ಎಚ್ಚರಿಕೆಯೊಂದುಂಟು. ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವನು, ಎದುರಾಳಿ ಐದನೆಯ ನಡೆಯಲ್ಲಿ ಪುಸ್ತಕವನ್ನು ಬಿಟ್ಟು ನಡೆದರೆ, ದಾರಿ ತಪ್ಪಿದ ಕುರಿಯಾಗುತ್ತಾನೆ. ಎದುರಾಳಿಯ ನಡೆ ಕೆಟ್ಟದ್ದಾಗಿದ್ದರೂ ಅದೇಕೆ ಕೆಟ್ಟದ್ದೆಂದು ಅವನಿಗೆ ತಿಳಿಯದು. ಇಂದು ಕೈಯ ಫೋನಿನಲ್ಲಿಯೇ ಲಕ್ಷಗಟ್ಟಲೆ ಆಟಗಳು ಸಿಕ್ಕುತ್ತವೆ. ಯಾ‌ವ ನಡೆ ಉತ್ತಮವೆಂದು ಯಂತ್ರ ಕ್ಷಣಾರ್ಧದಲ್ಲಿ ಹೇಳುತ್ತದೆ. ಆದರೆ ಮಗ್ಗುಲಲ್ಲಿ ಕುಳಿತು ಲೆಕ್ಕದ ಉತ್ತರವನ್ನಷ್ಟೇ ಉಸುರುವವನಿಂದ ಯಾರೂ ಗಣಿತ ಕಲಿತಿಲ್ಲ. ಮೊದಲು ತಾನು ಯೋಚಿಸಿ, ಬರೆದು, ಕಟ್ಟಕಡೆಗೆ ಯಂತ್ರವನ್ನು ಕೇಳಬೇಕು.

ಮತ್ತೆ ಜಗಲಿಗೆ

ಪಟ್ಟಣದ ಹುಡುಗನಿಗೆ ಸಂಜೆಯ ಹೊತ್ತು ಹೇಳಿಕೊಡುವವರು ಸಿಕ್ಕುತ್ತಾರೆ. ಸಕಲೇಶಪುರ, ಆಲೂರುಗಳ ಒಳಹಳ್ಳಿಗಳಲ್ಲಿ ಸಂಜೆಯಾದರೆ ತೋಟದ ದಾರಿಗೆ ಮಣೆಯ ಆನೆಯಲ್ಲ, ನಿಜವಾದ ಆನೆಯೇ ಇಳಿಯುತ್ತದೆ. ಕತ್ತಲಾದ ಮೇಲೆ ಮಗನನ್ನು ಪಾಠಕ್ಕೆ ಕಳುಹಿಸುವ ಧೈರ್ಯ ಯಾವ ತಾಯಿಗೂ ಬರಲಾರದು. ಗಾಳಿಗೆ ಮರ ಬಿದ್ದರೆ ದೀಪವೂ ಇಲ್ಲ, ಫೋನೂ ಇಲ್ಲ. ಆದರೆ ಮಣೆಗೂ ಪುಸ್ತಕಕ್ಕೂ ಲಾಟೀನಿನ ಬೆಳಕು ಸಾಕು.

ಮನೆಯೇ ಪಾಠಶಾಲೆಯಾಗಬಲ್ಲುದೆಂಬುದಕ್ಕೆ ನಿದರ್ಶನ ದೂರದ್ದಲ್ಲ. ೧೯೮೮ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಅವರು ಬಾಲ್ಯದಲ್ಲಿ ಕೆಲಕಾಲ ಮನಿಲಾದಲ್ಲಿದ್ದರು. ಅಲ್ಲಿನ ಟೆಲಿವಿಷನ್ನಿನಲ್ಲಿ ಚದುರಂಗದ ಕಾರ್ಯಕ್ರಮ ಬರುತ್ತಿದ್ದುದು ಅವರು ಶಾಲೆಯಲ್ಲಿರುವ ಹೊತ್ತಿನಲ್ಲಿ. ಅವರ ತಾಯಿ ಆ ಆಟಗಳನ್ನೂ ಸಮಸ್ಯೆಗಳನ್ನೂ ಬರೆದಿಟ್ಟುಕೊಂಡು, ಸಂಜೆ ಮಗ ಬಂದೊಡನೆ ಇಬ್ಬರೂ ಕೂಡಿ ಬಿಡಿಸುತ್ತಿದ್ದರು. ಕರ್ನಾಟಕಕ್ಕೆ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು ಕಾಣಲು ೨೦೧೭ರವರೆಗೆ ಕಾಯಬೇಕಾಯಿತು. ಆ ಗೌರವವನ್ನು ತಂದವರು ಮುಮ್ಮಡಿಯವರ ಊರಾದ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು.

ಎಲ್ಲರೂ ಗ್ರ್ಯಾಂಡ್‌ಮಾಸ್ಟರರಾಗಬೇಕಿಲ್ಲ. ಜಗಲಿಯ ಹುಡುಗ ಒಂದು ಮಳೆಗಾಲವೆಲ್ಲ ಹೀಗೆ ಅಭ್ಯಾಸಮಾಡಿ ಮತ್ತೆ ಹಾಸನದ ಬಸ್ಸು ಹತ್ತಿದನೆನ್ನೋಣ. ಮತ್ತೆ ಸೋಲಬಹುದು. ಆದರೆ ಈ ಸಲ ಹದಿನಾಲ್ಕನೆಯ ನಡೆಗಲ್ಲ. ನಲವತ್ತನೆಯದಕ್ಕೆ, ಎದುರಾಳಿಯೂ ಬೆವರಿದ ಮೇಲೆ. ಬಸ್ಸಿನಿಂದ ಇಳಿದು ನೆನೆದ ಚೀಲದಿಂದ ಅವನು ಮೊದಲು ಹೊರಗೆ ತೆಗೆಯುವುದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನಮಾಡಿದ ಒಂದು ಹಾಳೆಯನ್ನು.

“ಏನಾಯಿತೋ?”

“ಸೋತೆ ಅಪ್ಪ. ಆದರೆ ಎಲ್ಲಿ ಸೋತೆನೆಂದು ಬರೆದುಕೊಂಡು ಬಂದಿದ್ದೇನೆ. ಮಣೆ ತೆಗೆಯಿರಿ, ತೋರಿಸುತ್ತೇನೆ.”